ಪುಟ್ಟಸ್ವಾಮಿಯವರಿಗೆ ಬಂದ ಸಕ್ಕರೆ ಕಾಯಿಲೆ

1974ರಲ್ಲಿ ನಾನು ರಾಜಾಜಿನಗರದ ಒಂದು ಖಾಸಗಿ ದವಾಖಾನೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಲ್ಯಾಬ್ ಎಂದರೆ ಡಾಕ್ಟರ ಕೋಣೆಯ ಹಿಂದೆ ಒಂದು ಕಿಟಕಿ, ಒಂದು ಸಿಂಕು, ಒಂದು ಮೈಕ್ರೋಸ್ಕೋಪು, ಅಷ್ಟೆ. ಸಕ್ಕರೆ ಕಾಯಿಲೆ ಪತ್ತೆಗೆ ಆಗ ನಮ್ಮಂಥ ಕಡೆ ಮೂತ್ರ ಪರೀಕ್ಷೆಯೇ ಗತಿ. ರಕ್ತ ಪರೀಕ್ಷೆಗೆ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಬೆನೆಡಿಕ್ಟ್ ದ್ರಾವಣ ಎಂಬ ನೀಲಿ ನೀರಿಗೆ ಕೆಲವು ಹನಿ ಮೂತ್ರ ಹಾಕಿ ಕುದಿಸುತ್ತಿದ್ದೆವು. ಸಕ್ಕರೆ ಇಲ್ಲದಿದ್ದರೆ ಬಣ್ಣ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು, ಹಳದಿ, ತೀರಾ ಹೆಚ್ಚಿದ್ದರೆ ಇಟ್ಟಿಗೆ ಕೆಂಪು. ಜನ ಮೂತ್ರವನ್ನು ಮನೆಯಿಂದಲೇ ಕೈಗೆ ಸಿಕ್ಕ ಸೀಸೆಯಲ್ಲಿ ತರುತ್ತಿದ್ದರು. ನಾವೂ ಏನೂ ಕೇಳುತ್ತಿರಲಿಲ್ಲ.

ಲಗ್ಗೆರೆಯ ಪುಟ್ಟಸ್ವಾಮಿ ಕಾರ್ಖಾನೆಯೊಂದರಲ್ಲಿ ಟರ್ನರ್. ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಕೆಲಸ. ಊಟವೆಂದರೆ ಪ್ರಾಣ. ಮುದ್ದೆ, ನಾಟಿಕೋಳಿ ಸಾರು ಮುಗಿಸಿ, ಮೇಲೆ ಆರು ಒಬ್ಬಟ್ಟಿಗೆ ತುಪ್ಪ ಸುರಿದುಕೊಂಡು, "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಮೀಸೆ ಒರೆಸಿಕೊಳ್ಳುವ ಆಸಾಮಿ. ಅವರ ಅಣ್ಣ ಸಕ್ಕರೆ ಕಾಯಿಲೆಯಲ್ಲಿ ಕಾಲು ಕೊಳೆತು ತೀರಿಕೊಂಡಿದ್ದರು. ಭಾವನನ್ನು ಕೊನೆತನಕ ನೋಡಿಕೊಂಡವರು ಪುಟ್ಟಸ್ವಾಮಿಯವರ ಹೆಂಡತಿ ಜಯಮ್ಮ. ಆಗ ಭಾವನ ಸೀಸೆ ಹಿಡಿದು ಬರುತ್ತಿದ್ದ ಆಕೆಗೆ ಬಣ್ಣ ಬದಲಾಗುವುದನ್ನು ನಾನೇ ತೋರಿಸಿ, ಮೇಷ್ಟ್ರ ಹಾಗೆ ವಿವರಿಸಿದ್ದೆ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಣ್ಣನ ಕಾಯಿಲೆ ತಮ್ಮನಿಗೂ ಬಂದಿರಬಹುದೆಂದು ಜಯಮ್ಮ ತಂದುಕೊಟ್ಟ ಪುಟ್ಟಸ್ವಾಮಿಯವರ ಮೂತ್ರವೂ ಇಟ್ಟಿಗೆ ಕೆಂಪಾಯಿತು. ಡಾಕ್ಟರು ಸಿಹಿ, ಅನ್ನ, ಕರಿದದ್ದು ಎಲ್ಲ ನಿಲ್ಲಿಸಿದರು. ಅಣ್ಣನ ಗತಿ ನೋಡಿದ್ದ ಮನುಷ್ಯ ಹೆದರಿ, ಹೇಳಿದಂತೆ ಕೇಳಿದರು. ಆದರೂ ಜಯಮ್ಮ ತಂದ ಮುಂದಿನ ಎರಡು ಸೀಸೆಗಳೂ ಕೆಂಪೇ. ಪಥ್ಯಕ್ಕೆ ಬಗ್ಗದ ಕಾಯಿಲೆ ಎಂದು ಡಾಕ್ಟರು ಸಕ್ಕರೆ ಇಳಿಸುವ ಮಾತ್ರೆ ಬರೆದರು.

ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಪುಟ್ಟಸ್ವಾಮಿ ಬೆವತು, ಕಣ್ಣು ಕತ್ತಲಿಟ್ಟು, ತಿರುಗುತ್ತಿದ್ದ ಲೇತ್ ಮೇಲೆಯೇ ವಾಲಿದರು. ಪಕ್ಕದ ಯಂತ್ರದ ಮುನಿರಾಜು ಓಡಿಬಂದು ಸ್ವಿಚ್ ಆರಿಸಿದ್ದರಿಂದ ಅಂಗಿಯ ತೋಳಷ್ಟೇ ಹರಿದು ಕೈ ಉಳಿಯಿತು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಜಯಮ್ಮ ನನ್ನ ಕಿಟಕಿಯ ಬಳಿ ನಿಂತಿದ್ದರು.

"ಅಕ್ಕಾ, ಅವರಿಗೆ ಕಾಯಿಲೆ ಇಲ್ಲ. ಸೀಸೆಗೆ ನಾನೇ ಗ್ಲೂಕೋಸ್ ಪುಡಿ ಹಾಕ್ತಿದ್ದೆ."

ನನಗೆ ಮೈಯೆಲ್ಲ ಉರಿಯಿತು. "ಯಾಕ್ರೀ? ತಲೆ ಕೆಟ್ಟಿದ್ಯಾ?"

"ಭಾವನ ಕಾಲಿಗೆ ಬಟ್ಟೆ ಕಟ್ಟಿದೋಳು ನಾನು. ಹಂಗೆ ತಿನ್ಬೇಡಿ ಅಂದ್ರೆ ನಗೋರು. ಡಾಕ್ಟ್ರು ಹೇಳ್ಲಿ, ಬಿಡ್ತೀನಿ ಅನ್ನೋರು. ಅದಕ್ಕೇ ಡಾಕ್ಟ್ರ ಕೈಲೇ ಹೇಳಿಸ್ದೆ."

"ಮತ್ತೆ ಮಾತ್ರೆ ಯಾಕೆ ಕೊಟ್ರಿ?"

"ಕಾಯಿಲೆ ಇಲ್ದೋರಿಗೆ ಅದೇನೂ ಮಾಡಲ್ಲ ಅನ್ಕೊಂಡೆ ಅಕ್ಕಾ."

ಆ ಮಾತ್ರೆ ರಕ್ತದಲ್ಲಿರುವ ಸಕ್ಕರೆಯನ್ನು ಇಳಿಸುತ್ತದೆ. ಕಾಯಿಲೆಯಿಲ್ಲದವನು, ಅದೂ ಅರೆಹೊಟ್ಟೆಯಲ್ಲಿ ನುಂಗಿದರೆ, ಸಕ್ಕರೆ ತೀರಾ ಕುಸಿದು ಪ್ರಾಣವೇ ಹೋಗಬಹುದು. ಇದನ್ನು ಆಕೆಗೆ ಹೇಳಿದೆ. ಆಕೆ ಬೇಡಿಕೊಂಡದ್ದು ಒಂದೇ: "ಅವರಿಗೆ ಮಾತ್ರ ಹೇಳ್ಬೇಡಿ. ನನ್ನ ಕೈ ಊಟ ಮುಟ್ಟಲ್ಲ ಇನ್ನ."

ನಾನು ವಿಷಯ ತಿಳಿಸಿದಾಗ ಡಾಕ್ಟರು ಕೂಗಾಡಿ ಮಾತ್ರೆ ನಿಲ್ಲಿಸಿದರು. ಪುಟ್ಟಸ್ವಾಮಿಯವರನ್ನು ಕರೆಸಿ, ದವಾಖಾನೆಯಲ್ಲೇ ಮೂತ್ರ ಪಡೆದು ಕುದಿಸಿದೆ, ನೀಲಿ ಕದಲಲಿಲ್ಲ. "ಸಂಸಾರ ಸಾರ್, ಒಡೆಯೋದು ಬೇಡ" ಎಂದು ಡಾಕ್ಟರನ್ನು ಒಪ್ಪಿಸಿದವಳು ನಾನೇ. ಈಗ ಸಕ್ಕರೆ ಇಲ್ಲ, ಮಾತ್ರೆ ಬೇಡ ಎಂದಷ್ಟೇ ಅವರಿಗೆ ಹೇಳಿ ಕಳಿಸಿದೆವು.

ಪುಟ್ಟಸ್ವಾಮಿ ಸುಮ್ಮನಿರುವ ಜಾತಿಯವರಲ್ಲ. ಹೆಂಡತಿಯ ಹಾಗಲಕಾಯಿ ಪಲ್ಯ, ಸೊಪ್ಪಿನ ಸಾರು ತಿಂದೇ ಕಾಯಿಲೆ ಓಡಿಹೋಯಿತೆಂದು ಕಾರ್ಖಾನೆಯಲ್ಲೆಲ್ಲ ಡಂಗುರ ಹೊಡೆದರು. ಜಯಮ್ಮನ ಕೈಗುಣ ಎಂದು ಎಲ್ಲರೂ ಹೊಗಳುವಾಗ ಆಕೆ ತಲೆ ತಗ್ಗಿಸಿಕೊಂಡು ಒಳಗೆ ಹೋಗುತ್ತಿದ್ದರಂತೆ. ಜನ ಅದನ್ನೂ ವಿನಯ ಎಂದುಕೊಂಡರು.

ಒಂದು ದಿನ ಪುಟ್ಟಸ್ವಾಮಿ ಆ ಮುನಿರಾಜುವನ್ನು ಹೆಗಲಿಗೆ ಆನಿಸಿಕೊಂಡು ಬಂದರು. ಹಿಂದೆಯೇ ಜಯಮ್ಮ. ಮುನಿರಾಜುವಿಗೆ ನಿಜವಾಗಿಯೂ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಸಿಕೊಳ್ಳಬೇಕಿತ್ತು. ಪುಟ್ಟಸ್ವಾಮಿಯವರ ಮಾತು ನಂಬಿ ಅದನ್ನು ಬಿಟ್ಟು ಅವರ ಕ್ಯಾರಿಯರ್ ಊಟ ಹಂಚಿಕೊಂಡು ತಿನ್ನುತ್ತಿದ್ದನಂತೆ. ಬಾಯಿ ಒಣಗಿ, ಮಾತು ತೊದಲುತ್ತಿತ್ತು. ಪರೀಕ್ಷಿಸಿದರೆ, ಕುದಿ ಬರುವ ಹೊತ್ತಿಗೇ ಕಡು ಕೆಂಪು.

ಡಾಕ್ಟರು ದೊಡ್ಡಾಸ್ಪತ್ರೆಗೆ ಚೀಟಿ ಬರೆಯತೊಡಗಿದರು. "ಅಲ್ಲಿಗ್ಯಾಕೆ ಸಾರ್? ಇನ್ನೊಂದ್ ತಿಂಗ್ಳು ನಮ್ಮನೆ ಊಟ ಮಾಡ್ಲಿ. ನಂಗೆ ವಾಸಿ ಆಗ್ಲಿಲ್ವಾ?" ಎಂದರು ಪುಟ್ಟಸ್ವಾಮಿ. ನಾನು ಡಾಕ್ಟರ ಮುಖ ನೋಡಿದೆ, ಡಾಕ್ಟರು ನನ್ನ ಮುಖ ನೋಡಿದರು.

"ನಿಮಗೆ ಕಾಯಿಲೆ ಇರ್ಲೇ ಇಲ್ಲ ರೀ" ಎಂದರು ಜಯಮ್ಮ. "ನಿಮ್ಮನ್ನ ಹೆದರಿಸೋಕೆ ಸೀಸೆಗೆ ನಾನೇ ಗ್ಲೂಕೋಸ್ ಹಾಕ್ದೆ. ಮೊದ್ಲು ಅವನನ್ನ ಆಸ್ಪತ್ರೆಗೆ ಕಳಿಸಿ."

ಮುನಿರಾಜುವನ್ನು ಡಾಕ್ಟರೇ ಆಟೋದಲ್ಲಿ ಕರೆದುಕೊಂಡು ಹೋದರು. ಆತ ಉಳಿದ, ಬಹಳ ದಿನ ಮಲಗಿದ್ದು ಎದ್ದ. ಅಂದು ಆಟೋ ಹೊರಟ ಮೇಲೆ ಪುಟ್ಟಸ್ವಾಮಿ ಬೆಂಚಿನ ಮೇಲೆ ಕುಳಿತರು. ಹೆಂಡತಿಯನ್ನು ಕೇಳಿದರು: "ಯುಗಾದಿ ದಿನ ಎಲೆ ಮುಂದೆ ಕೂತು, ನಂಗೆ ಒಬ್ಬಟ್ಟು ಬ್ಯಾಡ ಅಂದಾಗ ನೀನು ಕಣ್ಣೀರು ಹಾಕಿದ್ಯಲ್ಲ, ಅದೂ ನಾಟಕಾನಾ?"

"ಇಲ್ಲ. ಅದು ನಿಜ."

"ಸರಿ, ಏಳು. ಮುನಿರಾಜು ಹೆಂಡ್ತಿಗೂ ನೀನೇ ಹೇಳ್ಬೇಕು. ನಡಿ, ನಾನೂ ಬರ್ತೀನಿ."

ಅಂದಿನಿಂದ ನಿವೃತ್ತಿಯವರೆಗೂ ಸೀಸೆಯನ್ನು ನಾನೇ ತೊಳೆದು ಕೊಟ್ಟು, ಮಾದರಿಯನ್ನು ಎದುರಿಗೇ ಪಡೆದೆ. ಅದು ಸುಲಭದ ಪಾಠ. ಕಷ್ಟದ್ದು ಇನ್ನೊಂದು: ವರದಿ ತಪ್ಪೆಂದು ಗೊತ್ತಾದ ಗಳಿಗೆಯಲ್ಲೇ, ಯಾರಿಗೆ ಎಷ್ಟೇ ನೋವಾಗಲಿ, ಅದನ್ನು ಆ ರೋಗಿಗೇ ಹೇಳಬೇಕು. ಮುಚ್ಚಿಟ್ಟವರಲ್ಲಿ ನಾನೂ ಒಬ್ಬಳಾದ್ದರಿಂದ ಆ ದಿನ ಮುನಿರಾಜುವಿನ ಮನೆಗೆ ನಾನೂ ಹೋಗಬೇಕಿತ್ತು. ಗಂಡ ಹೆಂಡತಿ ಮೆಟ್ಟಿಲಿಳಿಯುವಾಗ ಜಯಮ್ಮ ಒಮ್ಮೆ ತಿರುಗಿ ನೋಡಿದರು. ಕೆಲಸವಿದೆ ಎಂದು ನಾನು ಒಳಗೇ ಉಳಿದೆ.