ಬದು ಹಿಂದಕ್ಕೆ ಬಂದ ದಿನ

ನಮ್ಮವರು ಕ್ರೈಸ್ತ ಸಭಾಪಾಲಕರು. ತಿರ್ಲಾಪುರದ ಕಡೆಯ ಒಂದು ಊರಿನಲ್ಲಿ ತಗಡಿನ ಚಾವಣಿಯ ಪ್ರಾರ್ಥನಾಲಯವನ್ನು ಗಂಡಹೆಂಡತಿ ನಡೆಸುತ್ತೇವೆ. ಅಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವನೊಬ್ಬನನ್ನು ಕಂಡರೆ ನನಗಾಗುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು.

ಅವನ ಹೊಲವೂ ಅವನ ತಮ್ಮನ ಹೊಲವೂ ಬಾಜುಬಾಜು, ನಡುವೆ ಒಂದು ಬದು. ಹೊಲ ನುಂಗಲು ನಮ್ಮ ಕಡೆ ಯಾರೂ ಕಚೇರಿಗೆ ಅಲೆಯಬೇಕಿಲ್ಲ. ಉಳುವಾಗ ಬದುವಿನ ಬುಡಕ್ಕೆ ಒಂದು ಸಾಲು ಹೆಚ್ಚು ಹೊಡೆದರಾಯಿತು, ಮುಂದಿನ ವರ್ಷ ಇನ್ನೊಂದು. ಯಾರಾದರೂ ಕೇಳಿದರೆ ಮಳೆಗೆ ಕೊಚ್ಚಿಹೋಯಿತು ಅಂದುಬಿಡುವುದು. ಅಣ್ಣ ಹೀಗೇ ಬದುವನ್ನು ತಮ್ಮನ ಹೊಲದೊಳಕ್ಕೆ ತಳ್ಳಿದ್ದ. ಹಳೆಯ ಗಡಿಗೆ ನೆಟ್ಟಿದ್ದ ಬಾಂದುಗಲ್ಲಿನ ಮೇಲೆ ಮಣ್ಣೆಳೆದು ಮುಚ್ಚಿದ್ದ. ತಮ್ಮ ಮಾತು ಬಿಟ್ಟ. ಅಣ್ಣ ಎದುರಿಗೆ ಬಂದರೆ ಬೇರೆ ಓಣಿ ಹಿಡಿಯುತ್ತಿದ್ದ.

ಅಂಥವನು ದೀಕ್ಷಾಸ್ನಾನ ತೆಗೆದುಕೊಂಡಾಗ ನಮ್ಮವರ ಕಣ್ಣಲ್ಲಿ ನೀರು. ನನಗೆ ಮೈಯೆಲ್ಲ ಉರಿ.

“ಹಾಡಾಕೇನ್ರಿ, ಯಾರ ಬೇಕಾದ್ರೂ ಹಾಡ್ತಾರ. ಬದು ಎಲ್ಲೈತಿ ಅಲ್ಲೇ ಐತಿ,” ಅಂದೆ.

“ತಡಿ. ಅವನ ಒಳಗ ಏನ್ ನಡದೈತೋ ನಿನಗೇನ್ ಗೊತ್ತು?” ಅಂದರು. ಅವರ ಈ ತಾಳ್ಮೆ ನೋಡಿದರೆ ನನಗೆ ಇನ್ನಷ್ಟು ಸಿಟ್ಟು ಬರುತ್ತದೆ.

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಅವನು ಎದ್ದು ನಿಂತ. “ನನ್ನ ತಮ್ಮ ನನ್ನ ಕೂಡ ಮಾತಾಡಬೇಕ್ರಿ. ಸಾಯೂದ್ರೊಳಗ ಒಮ್ಮೆ ಅಣ್ಣಾ ಅನ್ನಬೇಕು. ಅದಕ್ಕ ಪ್ರಾರ್ಥನಾ ಮಾಡ್ರಿ.”

ನನ್ನ ಬಾಯಿ ಸುಮ್ಮನಿರಬೇಕಲ್ಲ! “ಪ್ರಾರ್ಥನಾ ನಾವು ಮಾಡ್ತೇವಿ. ಸಲಿಕಿ ನೀ ಹಿಡಿ,” ಅಂದುಬಿಟ್ಟೆ.

ನಮ್ಮವರು ನನ್ನನ್ನು ನುಂಗುವಂತೆ ನೋಡಿದರು. ಅವನು ಮಾತ್ರ “ಹೌದ್ರಿ ಅಮ್ಮಾರ,” ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ.

ಮರುದಿನ ಹುಬ್ಬಳ್ಳಿಯಿಂದ ಸಭೆಯ ಹಿರಿಯರೊಬ್ಬರು ನಮ್ಮ ಸೇವೆ ನೋಡಲು ಬಂದಿದ್ದರು. ಎಷ್ಟು ಜನ ಸೇರಿದರು, ಕಟ್ಟಡ ಯಾವಾಗ ದೊಡ್ಡದಾಗುತ್ತದೆ ಎಂದು ಒಂದೇ ಸಮನೆ ಕೇಳುತ್ತಿದ್ದರು. ಅಷ್ಟರಲ್ಲಿ ಅಣ್ಣ ಹೊಲ ಅಗೆಯುತ್ತಿದ್ದಾನೆಂದು ಸುದ್ದಿ ಬಂತು. ಅವರನ್ನೂ ಕರೆದುಕೊಂಡು ಹೋದೆವು.

ಹತ್ತಿಕಟ್ಟಿಗೆ ಕಿತ್ತ ಬರಿ ಹೊಲ. ಬಾಂದುಗಲ್ಲು ಆಗಲೇ ಮೇಲೆ ಬಂದಿತ್ತು. ಈಗಿನ ಬದುವಿನಿಂದ ಎಷ್ಟೋ ಒಳಗೆ, ಅವನೇ ಬಿತ್ತಿ ಬೆಳೆದುಕೊಳ್ಳುತ್ತಿದ್ದ ನೆಲದಲ್ಲಿ. ಆ ಕಲ್ಲಿನ ನೇರಕ್ಕೆ ಅವನು ಹೊಸ ಬದು ಹಾಕುತ್ತಿದ್ದ. ಆಚೆ ಕಡೆ ತಮ್ಮ ಕೈಕಟ್ಟಿ ನಿಂತಿದ್ದ.

“ಇಲ್ಲೀತನಕ ನಿಂದು,” ಅಂದ ಅಣ್ಣ, ತಲೆ ಎತ್ತದೆ. “ನಾ ತಗೊಂಡಿದ್ದೆ.”

ತಮ್ಮ ಬೆನ್ನು ತಿರುಗಿಸಿ ಊರ ಕಡೆ ನಡೆದ. ಇನ್ನು ಅಣ್ಣನೂ ಸಲಿಕೆ ಬಿಸಾಕಿ ಹೋಗುತ್ತಾನೆ ಅಂದುಕೊಂಡೆ.

“ಮಾತಾಡಲಿ, ಬಿಡಲಿ. ಮಣ್ಣಂತೂ ಅವಂದ್ರಿ,” ಅಂದು ಅವನು ಮತ್ತೆ ಬಗ್ಗಿದ. ಆಗ ನನಗೆ ಅವನ ಮೇಲೆ ನಂಬಿಕೆ ಬಂತು, ಎಷ್ಟೋ ದಿನದ ಮೇಲೆ ಮನಸ್ಸು ಹಗುರವಾಯಿತು.

“ತಮ್ಮನೂ ಸಭೆಗೆ ಸೇರ್ತಾನೇನು?” ಹಿರಿಯರು ಮೆಲ್ಲಗೆ ಕೇಳಿದರು.

“ಸೇರದಿದ್ರೂ ನಡೀತೈತ್ರಿ. ನಮ್ಮ ಸೇವಾ ನೋಡಾಕ ಬಂದೀರಲ್ಲ, ಇದ ನೋಡ್ರಿ,” ಅಂದೆ. ಅವರು ಜಾಲಿ ಮರದ ನೆರಳಿಗೆ ಹೋಗಿ ಕುಳಿತರು.

ಮಧ್ಯಾಹ್ನಕ್ಕೆ ತಮ್ಮ ತಿರುಗಿ ಬಂದ. ಹೆಗಲ ಮೇಲೆ ಅವನದೇ ಸಲಿಕೆ, ಕೈಯಲ್ಲಿ ರೊಟ್ಟಿಯ ಗಂಟು. ಗಂಟನ್ನು ಮರದ ಬುಡಕ್ಕಿಟ್ಟು, ಬದುವಿನ ಆ ತುದಿಯಿಂದ ಮಣ್ಣು ಎಳೆಯತೊಡಗಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಎಳೆದರು, ಎಳೆದರು, ನಡುವೆ ಬಂದು ನಿಂತರು. ತಮ್ಮ ಅಣ್ಣನ ಕೈಯಿಂದ ಸಲಿಕೆ ಕಸಿದುಕೊಂಡ.

“ಸಾಕ್ ಬಿಡಣ್ಣಾ, ಬಗ್ಗಿ ಬಗ್ಗಿ ನಡಾ ಹಿಡೀತೈತಿ. ರೊಟ್ಟಿ ಆರತಾವು, ಬಾ, ಉಣ್ಣೂಣು.”

ಅಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಮಣ್ಣಲ್ಲಿ ಕುಳಿತುಬಿಟ್ಟ.