ಏಳನೆಯ ಆಟಗಾರ

೧೯೯೮ರಲ್ಲಿ ನನಗೆ ಇಪ್ಪತ್ತಾರು ವರ್ಷ. ಆ ಕಾಲವನ್ನು ಮತ್ತೆ ನೆನಪಿಗೆ ತಂದದ್ದು ಒಂದು ವಾಸನೆ. ಇಪ್ಪತ್ತಾರು ವರ್ಷಗಳ ನಂತರ, ಡಿಸೆಂಬರಿನ ಮೊದಲ ವಾರ, ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ ಯಾರೋ ನನ್ನ ಪಕ್ಕದಲ್ಲಿ ಒದ್ದೆ ಗೋಣಿತಟ್ಟು ಸುತ್ತಿದ ವೀಳ್ಯದೆಲೆಯ ಪೆಂಡಿಯನ್ನು ಇಳಿಸಿದರು. ನೆನೆದ ನಾರು, ಹಸಿ ಎಲೆ, ತುಸು ಮಣ್ಣು... ನಾನು ಹತ್ತಬೇಕಾಗಿದ್ದ ಅಕ್ಕಿಆಲೂರಿನ ಬಸ್ಸು ಹೊರಟುಹೋದುದು ಕೂಡ ನನಗೆ ತಿಳಿಯಲಿಲ್ಲ. ಸವಣೂರಿನ ಆ ಎಲೆ ವ್ಯಾಪಾರಿಯನ್ನು ನೆನೆಯದಂತೆ ನಾನು ಬಹಳ ವರ್ಷ ಎಚ್ಚರಿಕೆಯಿಂದ ಬದುಕಿದ್ದೆ.

ಆಗ ನಾನು ಸವಣೂರಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಶಿಕ್ಷಕ. ಹಿರೇಕೆರೂರಿನಿಂದ ಬಂದ ಒಂಟಿ ಮನುಷ್ಯ. ಆ ಎಲೆ ವ್ಯಾಪಾರಿಯ ಅಂಗಡಿಯ ಮೇಲಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅವರೇ ಕಾರ್ಯದರ್ಶಿ. ಹುಬ್ಬಳ್ಳಿಯಲ್ಲಿ ರವಿವಾರಗಳಂದು ನಡೆಯುತ್ತಿದ್ದ ಲೀಗಿನ ಮೇಲಿನ ವಿಭಾಗದಲ್ಲಿ ಬಹುಕಾಲ ಆಡಿದ್ದ ಆ ತಂಡ, ನಾನು ಊರಿಗೆ ಬಂದ ವರ್ಷವೇ ಕಡೆಯ ಸ್ಥಾನ ಪಡೆದು ಕೆಳಗಿನ ವಿಭಾಗಕ್ಕೆ ಬಿತ್ತು. ಬಿದ್ದ ಮೇಲೆ ಒಬ್ಬೊಬ್ಬರೇ ಕಳಚಿಕೊಂಡರು. ಚೆನ್ನಾಗಿ ಆಡುವವರನ್ನು ಹುಬ್ಬಳ್ಳಿಯ ತಂಡಗಳು ಕರೆದುಕೊಂಡವು. ಅಂಗಿ ಹೊಲಿಸಿಕೊಡುತ್ತಿದ್ದ ವರ್ತಕರು ಕ್ರಿಕೆಟ್ ಪಂದ್ಯಾವಳಿಗಳ ಕಡೆಗೆ ಹೊರಳಿದರು.

"ಬಿಟ್ಟಬಿಡ್ರಿ ಚಾಚಾ, ಯಾರ ಉಳದಾರ ಅದರಾಗ?" ಎಂದು ಎದುರಿನ ಖಾರ-ಶೇವಿನ ಅಂಗಡಿಯವನು ಒಮ್ಮೆ ನನ್ನ ಮುಂದೆಯೇ ಹೇಳಿದ. ಚಾಚಾ ಪೆಂಡಿ ಬಿಚ್ಚಿ ಎಲೆಗಳನ್ನು ತಿರುವಿಹಾಕುತ್ತಿದ್ದರು. ಹಾಗೆ ತಿರುವಿ ನೋಡದಿದ್ದರೆ ಕೊಳೆತ ಒಂದು ಎಲೆ ಪಕ್ಕದ ಹತ್ತನ್ನು ಕೆಡಿಸುತ್ತದೆ.

"ಕೊಳತ ಎಲಿ ಒಗೀತೇವಿ ತಮ್ಮಾ, ಪೆಂಡಿ ಒಗಿಯಂಗಿಲ್ಲ," ಎಂದರು, ತಲೆಯೆತ್ತದೆ.

ತಂಡ ಹುಬ್ಬಳ್ಳಿಗೆ ಹೋಗುತ್ತಿದ್ದುದು ಎಲೆಯ ಟೆಂಪೋದಲ್ಲಿ. ಒದ್ದೆ ಪೆಂಡಿಗಳ ಮೇಲೆ ಕುಳಿತು ಹೋದವರು ಚಡ್ಡಿಯ ಹಿಂಭಾಗ ನೆನೆಸಿಕೊಂಡೇ ಮೈದಾನಕ್ಕೆ ಇಳಿಯುತ್ತಿದ್ದರು. "ಎಲಿ ಟೀಮ್ ಬಂತಲೇ! ಸುಣ್ಣ ತಂದೀರೇನ್ರೋ?" ಎಂದು ಎದುರಾಳಿಗಳು ಕೂಗುತ್ತಿದ್ದರು. "ಸುಣ್ಣ ನೀವ ಹಾಕೀರಲ್ಲಪಾ ಮೈದಾನದ ಗೆರಿಗೆ, ಅಷ್ಟ ಸಾಕು!" ಎಂದು ಚಾಚಾ ತಿರುಗಿ ಕೂಗುತ್ತಿದ್ದರು.

ಅವರ ಕೈಬರಹ ಯಾರಿಗೂ ತಿಳಿಯುತ್ತಿರಲಿಲ್ಲವಾದ್ದರಿಂದ ಲೀಗಿಗೆ ಕಳುಹಿಸುವ ಆಟಗಾರರ ಪಟ್ಟಿಯನ್ನು ಪ್ರತಿ ವರ್ಷ ನಾನೇ ಬರೆದುಕೊಡುತ್ತಿದ್ದೆ. ೨೦೦೧ರಲ್ಲಿ ಆ ಪಟ್ಟಿ ಆರು ಹೆಸರುಗಳಿಗೆ ನಿಂತುಬಿಟ್ಟಿತು. ಹನ್ನೊಂದು ಜನ ಕೂಡದಿದ್ದರೂ ನಡೆದೀತು, ಏಳು ಜನರಿಲ್ಲದೆ ಪಂದ್ಯ ಆರಂಭವಾಗದು. ಒಂದೇ ವರ್ಷದಲ್ಲಿ ಎರಡು ಸಲ ಹಾಗಾದರೆ ಕ್ಲಬ್ಬಿನ ಹೆಸರನ್ನೇ ಲೀಗಿನಿಂದ ತೆಗೆಯುತ್ತಿದ್ದರು.

"ನಂದ ಹೆಸರ ಹಾಕ್ರಿ ಸರ," ಎಂದರು ಚಾಚಾ. ಅವರಿಗೆ ಅರವತ್ತು ದಾಟಿತ್ತು. ನಾನು ಮುದ್ರಿತ ನಿಯಮಾವಳಿಯನ್ನು ತೆರೆದು, ಕಾರ್ಯದರ್ಶಿಯು ಆಟಗಾರನಾಗತಕ್ಕದ್ದಲ್ಲ ಎಂಬ ಕಲಮನ್ನು ಓದಿ ತೋರಿಸಿದೆ.

"ಹಂಗಾರ ನಿಮ್ಮದ ಹಾಕ್ರಿ."

"ನನಗ ಆಟ ಬರೂದಿಲ್ಲ ಚಾಚಾ."

"ನಿಂತ್ರ ಸಾಕ್ರಿ ಸರ. ಓಡಾಕ ಚೆಂಡ ಐತಲ್ಲ."

ಏಳನೆಯ ಸಾಲಿನಲ್ಲಿ ನನ್ನ ಹೆಸರನ್ನು ಬರೆದೆ. ಎರಡು ಪಂದ್ಯಗಳನ್ನು ಆಡಿದೆ, ಎಂದರೆ, ನಿಂತೆ. ಎರಡನೆಯದರಲ್ಲಿ ನಮಗೆ ಒಂಬತ್ತು ಗೋಲು ಬಿದ್ದವು. ಆದರೆ ಎಲ್ಲಿಂದಲೋ ಬಂದ ಚೆಂಡು ನನ್ನ ಬೆನ್ನಿಗೆ ಬಡಿದು ನಮ್ಮ ಹುಡುಗನ ಕಾಲಿಗೆ ಸಿಕ್ಕು, ನಾವೂ ಒಂದು ಗೋಲು ಹೊಡೆದೆವು. ಹಿಂದಿರುಗುವಾಗ ಬಂಕಾಪುರದ ಚಹಾದ ಅಂಗಡಿಯಲ್ಲಿ ಚಾಚಾ ಅಪರಿಚಿತರನ್ನೆಲ್ಲ ತಡೆದು ನಿಲ್ಲಿಸಿ ಹೇಳಿದರು: "ನಮ್ಮ ಸರ ಪಾಸ್ ಕೊಟ್ರು! ಬೆನ್ನಾಗ ಕಣ್ಣ ಅದಾವ ಇವರಿಗೆ!" ನನ್ನ ಬದುಕಿನಲ್ಲಿ ಯಾರೂ ನನ್ನ ವಿಷಯವನ್ನು ಅಷ್ಟು ದೊಡ್ಡ ದನಿಯಲ್ಲಿ ಹೇಳಿಕೊಂಡದ್ದಿಲ್ಲ.

ಅದಾದ ಮುಂದಿನ ರವಿವಾರ ಇಬ್ಬರು ಹುಡುಗರಿಗೆ ಜ್ವರ ಬಂದು, ಏಳು ಜನ ಕೂಡದೆ, ಒಂದು ಪಂದ್ಯ ಹೋಯಿತು. ಉಳಿದದ್ದು ಕಡೆಯ ಪಂದ್ಯ. ಅದನ್ನು ಗೆಲ್ಲಬೇಕಾಗಿರಲಿಲ್ಲ, ಏಳು ಜನ ನಿಂತಿದ್ದರೆ ಸಾಕಿತ್ತು.

ಆ ವಾರದ ನಡುವೆ ಒಂದು ದಿನ ನಾನು ತರಗತಿಗೆ ಹೋದಾಗ ಕರಿಹಲಗೆಯ ಮೇಲೆ ಚಡ್ಡಿ ತೊಟ್ಟ, ನನ್ನಂಥದೇ ಕನ್ನಡಕದ ಮನುಷ್ಯನೊಬ್ಬನ ಚಿತ್ರವಿತ್ತು. ಕಾಲುಗಳು ಎರಡು ಕಡ್ಡಿ. ಯಾರು ಬರೆದರೆಂದು ಕೇಳಿದೆ, ಯಾರೂ ಏಳಲಿಲ್ಲ. ಅಂಗಿಯ ಗುಂಡಿ ಹಾಕದವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದ ಶಿಕ್ಷಕ ನಾನು. ಚಿತ್ರವನ್ನು ಒರೆಸಿ ಪಾಠ ಮಾಡಿದೆ. ಬೆನ್ನ ಹಿಂದೆ ಅದುಮಿಟ್ಟ ನಗೆ ಕೇಳುತ್ತಲೇ ಇತ್ತು.

ಶನಿವಾರ ಸಂಜೆ ಅಂಗಡಿಗೆ ಇಳಿದುಹೋಗಿ, ನಾಳೆ ಬರಲಾಗುವುದಿಲ್ಲ, ಉತ್ತರಪತ್ರಿಕೆ ತಿದ್ದುವುದಿದೆ ಎಂದೆ. ಚಾಚಾ ಒಂದು ಕ್ಷಣ ಎಲೆಯನ್ನು ಕೈಯಲ್ಲೇ ಹಿಡಿದು ಕುಳಿತರು. "ಆತ್ರಿ ಸರ. ಮಕ್ಕಳ ಕೆಲಸ ಮೊದಲ," ಎಂದರು. ನಾನು ಹೋಗದಿದ್ದರೆ ಉಳಿಯುವವರು ಆರೇ ಜನ ಎಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಪಟ್ಟಿಯನ್ನು ಬರೆದವನು ನಾನು.

ರವಿವಾರ ಕಿಟಕಿ ಮುಚ್ಚಿಕೊಂಡು ಖಾಲಿ ಮೇಜಿನ ಮುಂದೆ ಕುಳಿತಿದ್ದೆ. ಪರೀಕ್ಷೆಗೆ ಇನ್ನೂ ಹದಿನೈದು ದಿನವಿತ್ತು. ಆ ಬೀದಿಯಲ್ಲಿ ಅದು ಯಾರಿಗೆ ತಿಳಿದಿರಲಿಲ್ಲ? ಟೆಂಪೋ ಎಂದಿಗಿಂತ ಎಷ್ಟೋ ಬೇಗ ಮರಳಿ ಬಂತು. ತುಸು ಹೊತ್ತಿಗೆ ಚಾಚಾ ಮೆಟ್ಟಿಲೇರಿ ಬಂದು ಬಾಗಿಲಲ್ಲಿ ನಿಂತರು. ಅವರ ಪೈಜಾಮ ಇನ್ನೂ ಮೊಣಕಾಲಿನವರೆಗೆ ಮಡಚಿಕೊಂಡಿತ್ತು.

"ಪತ್ರಿಕಾ ಮುಗದೂವೇನ್ರಿ ಸರ?"

"ಮುಗದೂವು ಚಾಚಾ," ಎಂದೆ. ಅವರು ಇಳಿದು ಹೋದರು.

ಮಡಚಿದ ಪೈಜಾಮದ ಅರ್ಥ ಮರುದಿನ ತಂಡದ ಗೋಲ್‌ಕೀಪರನಿಂದ ತಿಳಿಯಿತು. ಆರು ಜನರ ಜೊತೆಗೆ ಏಳನೆಯವರಾಗಿ ಚಾಚಾ ಮೈದಾನದಲ್ಲಿ ನಿಂತಿದ್ದರಂತೆ. ರೆಫರಿ ಪಟ್ಟಿ ನೋಡಿ, ಹೆಸರಿಲ್ಲವೆಂದು ಅವರನ್ನು ಕೈಹಿಡಿದು ಗೆರೆಯ ಹೊರಗೆ ಬಿಟ್ಟನಂತೆ. ನನ್ನ ಅಕ್ಷರ ಅಷ್ಟು ಸ್ಪಷ್ಟವಾಗಿತ್ತು...

ಕ್ಲಬ್ಬಿನ ಹೆಸರು ಹೋಯಿತು. ಚಾಚಾ ನನ್ನನ್ನು ಎಂದೂ ಏನೂ ಕೇಳಲಿಲ್ಲ. ಎಂದಿನಂತೆ ನಕ್ಕು ಮಾತನಾಡಿಸುತ್ತಿದ್ದರು. ಅದನ್ನು ಸಹಿಸಲಾರದೆ ನಾನೇ ವರ್ಗಾವಣೆಯನ್ನು ಕೇಳಿ ಹಾನಗಲ್ಲಿಗೆ ಬಂದೆ. ನಾಲ್ಕು ವರ್ಷ ಲೀಗಿನವರ ಬೆನ್ನು ಹತ್ತಿ ಅವರು ಕ್ಲಬ್ಬನ್ನು ಎಲ್ಲಕ್ಕಿಂತ ಕೆಳಗಿನ ವಿಭಾಗದಲ್ಲಿ ಮತ್ತೆ ಸೇರಿಸಿದರೆಂದು ಯಾರಿಂದಲೋ ಕೇಳಿದೆ. ಸವಣೂರು ಒಂದೆರಡು ಗಂಟೆಗಳ ದಾರಿ. ನಾನು ಹೋಗಲಿಲ್ಲ.

ಎಲೆಯ ವಾಸನೆ ತಾಗಿದ ಆ ವಾರದ ರವಿವಾರ, ಐವತ್ತೆರಡನೆಯ ವಯಸ್ಸಿನಲ್ಲಿ, ಹೋದೆ. ಅಂಗಡಿಯಲ್ಲಿ ಕುಳಿತಿದ್ದವನು ಅಂದಿನ ಗೋಲ್‌ಕೀಪರ್, ಗಡ್ಡ ಬೆಳ್ಳಗಾಗಿತ್ತು. "ಸರ ಅಲ್ಲೇನ್ರಿ? ಬರ್ರಿ, ಕುಂತ್ಕೊಳ್ರಿ," ಎಂದ. ಚಾಚಾ ತೀರಿಕೊಂಡು ಎರಡು ವರ್ಷವಾಗಿತ್ತು. ಕ್ಲಬ್ಬು ಅದೇ ಕೆಳಗಿನ ವಿಭಾಗದಲ್ಲಿತ್ತು, ಒಮ್ಮೆಯೂ ಮೇಲೇರಿರಲಿಲ್ಲ. ಈಗ ಅವನೇ ಕಾರ್ಯದರ್ಶಿ. ಕ್ಲಬ್ಬಿನ ಹಾಜರಿ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿದ. ಹೊಸ ಹುಡುಗರ ಹೆಸರುಗಳ ನಡುವೆ ಏಳನೆಯ ಸಾಲಿನಲ್ಲಿ ನನ್ನ ಹೆಸರಿತ್ತು. ಹಿಂದಿನ ವರ್ಷಗಳ ಪುಟಗಳನ್ನು ತಿರುವಿದೆ. ಪ್ರತಿ ವರ್ಷವೂ ಇತ್ತು. ಹೆಸರಿನ ಮುಂದಿನ ಹಾಜರಿಯ ಮನೆಗಳು ಖಾಲಿ.

"ಚಾಚಾ ತಗಿಯಾಕ ಬಿಡಲಿಲ್ರಿ, ಅವರ ಹ್ವಾದ ಮ್ಯಾಲ ನಾನೂ ತಗೀಲಿಲ್ಲ," ಎಂದ ಅವನು. "ಹುಡುಗರು ನಗ್ತಿದ್ರು, ಯಾರ್ರಿ ಚಾಚಾ ಈ ಸರ, ಎಲ್ಲೆದಾರ ಅಂತ. ಪತ್ರಿಕಾ ತಿದ್ದಾಕತ್ತಾರ, ಮುಗದ ಮ್ಯಾಲ ಬರ್ತಾರ ಅಂತಿದ್ರು ಚಾಚಾ."

ನಾನು ಮತ್ತೆ ಈ ವರ್ಷದ ಪುಟಕ್ಕೆ ತಿರುವಿದೆ. ಆಮೇಲೆ ಪೆನ್ನು ಕೇಳಿದೆ. "ಇರ್ಲಿ ಬಿಡ್ರಿ ಸರ, ಒಂದ ಸಾಲು ಏನ್ ಭಾರ?" ಎಂದು ಅವನು ಪುಸ್ತಕವನ್ನು ತುಸು ತನ್ನತ್ತ ಎಳೆದುಕೊಂಡ. ನಾನು ಬಿಡಲಿಲ್ಲ. ನನ್ನ ಹೆಸರಿನ ಮೇಲೆ ನೇರವಾದ ಗೆರೆಯೊಂದನ್ನು ಎಳೆದು, ಕಡೆಯ ಷರಾದ ಮನೆಯಲ್ಲಿ, ಅದನ್ನು ಓದಬೇಕಾಗಿದ್ದವರು ಇನ್ನಿಲ್ಲವೆಂದು ತಿಳಿದೂ, ಬರೆದೆ: "ಅಂದು ತಿದ್ದಲು ಯಾವ ಪತ್ರಿಕೆಯೂ ಇರಲಿಲ್ಲ." ಕೆಳಗೆ ಸಹಿ ಮಾಡಿ ದಿನಾಂಕ ಹಾಕಿದೆ: ೮ ಡಿಸೆಂಬರ್ ೨೦೨೪, ರವಿವಾರ.