ಹರಳೆಣ್ಣೆ ತಿಕ್ಕಿದ ಹೊಟ್ಟೆ

ಕೋವಿಡ್ ಗಲಾಟೆ ಅಡಗಿದ ಮರುವರ್ಷ ನಾನು ಕೋಲಾರದ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಆಗಿದ್ದೆ. ಟೊಮೆಟೊ ಲಾರಿಗಳ ನಡುವೆ ಆಟೊ ಸಿಕ್ಕಿಕೊಂಡು ತಡವಾಯಿತು ಎಂದು ಮುನಿರಾಜುವನ್ನು ಕರೆತಂದ ಮನೆಯವರು ಹೇಳಿದ ನೆನಪು. ಅದು ಬೇರೆ ರೋಗಿಯ ಮಾತೂ ಇರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮುನಿರಾಜುವಿನ ಹೊಟ್ಟೆಯ ಹರಳೆಣ್ಣೆ ವಾಸನೆ ಮಾತ್ರ ಮರೆತಿಲ್ಲ.

ಕ್ಯಾಲನೂರಿನ ಕಡೆಯವನು, ವಯಸ್ಸು ನಲವತ್ತರ ಆಸುಪಾಸು, ಡೇರಿಗೆ ಹಾಲು ಹಾಕುವವನು. ಬೆಳಿಗ್ಗೆ ಹೊಟ್ಟೆನೋವು ಎಂದಾಗ ಅವನ ಅಣ್ಣ ವೆಂಕಟೇಶಪ್ಪ ‘ಹೊಕ್ಕಳು ಜಾರಿದೆ’ ಎಂದು ತೀರ್ಪು ಕೊಟ್ಟು, ಮಲಗಿಸಿ, ಹರಳೆಣ್ಣೆ ಹಚ್ಚಿ ಮೊಣಕೈಯಿಂದ ತಿಕ್ಕಿದ್ದ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಉಬ್ಬಿ, ಮೈ ತಣ್ಣಗಾಗಿ, ಬಿ.ಪಿ. ಎಂಬತ್ತಕ್ಕೆ ಇಳಿದಿತ್ತು. ಸಿ.ಟಿ. ಸ್ಕ್ಯಾನ್ ಮಾಡಿದರೆ, ಲಿವರ್ ಅಂಚಿನಿಂದ ಆಚೆಗೆ ಚಾಚಿದ್ದ ದೊಡ್ಡ ಗಡ್ಡೆಯೊಂದು ಒಡೆದು ಹೊಟ್ಟೆಯ ತುಂಬ ರಕ್ತ. ಇಂಥ ಗಡ್ಡೆ ತಾನಾಗಿಯೂ ಒಡೆಯುತ್ತದೆ; ಮೊಣಕೈಯೇ ಕಾರಣ ಎಂದು ಪ್ರಮಾಣ ಮಾಡಲಾರೆ. ಮೊಣಕೈ ಉಪಕಾರ ಮಾಡಲಿಲ್ಲ ಎಂದಂತೂ ಹೇಳಬಲ್ಲೆ.

‘ಲಿವರ್ ಕ್ಯಾನ್ಸರ್ ಇದ್ದಂತಿದೆ’ ಎಂದು ನಾನು ಹೇಳಿದ ಕೂಡಲೇ ವೆಂಕಟೇಶಪ್ಪ ವೈದ್ಯನಿಂದ ಜಡ್ಜ್ ಆದ.

“ಕದ್ದು ಕುಡೀತಿದ್ದ ಸಾರ್. ಇಲ್ದಿದ್ರೆ ಲಿವರ್ ಯಾಕೆ ಹೋಗ್ತದೆ? ಅಯಿಪೋಯಿಂದಿ, ಮುಗೀತು. ಮನೆಗೆ ಕರ್ಕೊಂಡು ಹೋಗ್ತೀವಿ.”

ಮುನಿರಾಜುವಿನ ಹೆಂಡತಿ ರತ್ನಮ್ಮ ತಿರುಗಿ ನಿಂತಳು. “ಭಾವ, ನೀವು ತಿಕ್ಕಿದ್ದು ಸಾಕು, ಸುಮ್ನಿರಿ. ಸಾರ್, ನಮ್ಮನೆಯವ್ರು ಟೀ ಬಿಟ್ರೆ ಏನೂ ಮುಟ್ಟಲ್ಲ. ಉಳೀತಾರಾ, ಅದು ಹೇಳಿ.”

ನಮ್ಮ ಫಿಜಿಶಿಯನ್ ನನ್ನನ್ನು ಪಕ್ಕಕ್ಕೆ ಕರೆದು, “ಒಡೆದ ಮೇಲೆ ಮುಗೀತು, ಕಳಿಸಿಬಿಡಿ” ಎಂದರು. ವೆಂಕಟೇಶಪ್ಪನ ಮಾತೇ, ಎಂ.ಡಿ. ಡಿಗ್ರಿ ಹೊದ್ದುಕೊಂಡು ಬಂದಿತ್ತು.

ಮುಗಿದಿರಲಿಲ್ಲ. ಆ ಸ್ಥಿತಿಯಲ್ಲಿ ಹೊಟ್ಟೆ ಕೊಯ್ದಿದ್ದರೆ ಟೇಬಲ್ ಮೇಲೆಯೇ ಹೋಗುವ ಸಂಭವ ಹೆಚ್ಚಿತ್ತು, ನಿಜ. ಆದರೆ ತೊಡೆಯ ಸಂದಿಯ ರಕ್ತನಾಳದ ಮೂಲಕ ಸಣ್ಣ ಕೊಳವೆ ತೂರಿಸಿ, ಗಡ್ಡೆಗೆ ರಕ್ತ ಒದಗಿಸುವ ನಾಳವನ್ನು ಒಳಗಿನಿಂದಲೇ ಮುಚ್ಚಬಹುದು. ಅದಕ್ಕೆ ಎಂಬೊಲೈಸೇಷನ್ ಎನ್ನುತ್ತಾರೆ. ಆ ಸೌಕರ್ಯ ಬೆಂಗಳೂರಿನಲ್ಲಿತ್ತು. “ಖಾತ್ರಿ ಇಲ್ಲಮ್ಮ, ದಾರಿ ಇದೆ” ಎಂದೆ. ರತ್ನಮ್ಮ ಸಹಿ ಹಾಕಿದಳು. ರಕ್ತ ಏರಿಸುತ್ತಲೇ ಆಂಬುಲೆನ್ಸ್ ಹೊರಟಿತು.

ಅಲ್ಲಿ ರಕ್ತಸ್ರಾವ ನಿಂತಿತು. ಉಳಿದ ಲಿವರ್ ಆರೋಗ್ಯವಾಗಿದ್ದುದರಿಂದ, ಅವನು ಸುಧಾರಿಸಿಕೊಂಡ ಕೆಲವು ವಾರಗಳ ನಂತರ ಗಡ್ಡೆಯಿದ್ದ ಭಾಗವನ್ನು ಕತ್ತರಿಸಿ ತೆಗೆದರು. ಆ ದಿನ ನಾನೂ ಬೆಂಗಳೂರಿಗೆ ಹೋಗಿ ನೋಡುತ್ತ ನಿಂತಿದ್ದೆ, ಅಷ್ಟೆ. ಒಡೆದ ಗಡ್ಡೆ ಹೊಟ್ಟೆಯೊಳಗೆ ಕ್ಯಾನ್ಸರಿನ ಬೀಜ ಚೆಲ್ಲಿರಬಹುದು. ಆದ್ದರಿಂದ ಮುನಿರಾಜು ಇಂದಿಗೂ ತಪಾಸಣೆಗೆ ಹೋಗುತ್ತಾನೆ. ಇಂದಿಗೂ ಹಾಲು ಹಾಕುತ್ತಾನೆ.

ಕಾರಣ ಹೆಂಡವಲ್ಲ, ಹೆಪಟೈಟಿಸ್ ಬಿ ವೈರಸ್. ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟಿ, ಸದ್ದಿಲ್ಲದೆ ದಶಕಗಟ್ಟಲೆ ಲಿವರ್‌ನಲ್ಲಿ ಕೂರುತ್ತದೆ. ಒಡಹುಟ್ಟಿದವರೆಲ್ಲ ರಕ್ತಪರೀಕ್ಷೆ ಮಾಡಿಸಿ ಎಂದೆ.

“ನಂಗ್ಯಾಕೆ ಸಾರ್? ನಾನು ಕುಡಿಯೋದೇ ಇಲ್ವಲ್ಲ” ಎಂದ ವೆಂಕಟೇಶಪ್ಪ.

“ಅವ್ರೂ ಕುಡೀತಿರ್ಲಿಲ್ಲ ಭಾವ. ಕೈ ಚಾಚಿ” ಎಂದಳು ರತ್ನಮ್ಮ.

ವೆಂಕಟೇಶಪ್ಪನಿಗೂ ಪಾಸಿಟಿವ್ ಬಂತು. ಗಡ್ಡೆ ಇರಲಿಲ್ಲ, ಮಾತ್ರೆಯಲ್ಲಿ ಹತೋಟಿಗೆ ತರಬಹುದಿತ್ತು. ವೈರಸ್ಸಿಗೆ ಮಾತ್ರೆ ಇದೆ, ಖಚಿತವಾಗಿ ಮಾತಾಡುವ ಚಟಕ್ಕೆ ಇಲ್ಲ ಎಂಬುದನ್ನು ಈ ವೃತ್ತಿ ನನಗೆ ಮತ್ತೆ ಮತ್ತೆ ಕಲಿಸಿದೆ. ರಿಪೋರ್ಟ್ ಕೈಗಿಟ್ಟಾಗ ಆತ ರೋಗದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ:

“ಊರಲ್ಲಿ ಯಾರ್ಗೂ ಹೇಳ್ಬೇಡಿ ಸಾರ್. ಕುಡೀತಾನೆ ಅಂದ್ಬಿಡ್ತಾರೆ.”